ಎತ್ತರಿಸಿದ ಫೋರ್‌ವೀಲ್ ಡ್ರೈವ್ ಮತ್ತು ಕ್ಯಾರವಾನ್ ಎಳೆತ

ಉದ್ದನೆಯ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಗೂ ದೊಡ್ಡ ಟೈರುಗಳನ್ನು ಹಾಕಿಸಿ ನೆಲದಿಂದ ಮೇಲೆತ್ತಿದ ಫೋರ್‌ವೀಲ್ ಡ್ರೈವ್ ವಾಹನವನ್ನು ಕ್ಯಾರವಾನ್ ಎಳೆಯಲು ಸಜ್ಜುಗೊಳಿಸುವುದೆಂದರೆ ತೂಕ, ಸಸ್ಪೆನ್ಷನ್, ಕೊಂಡಿಯ ಎತ್ತರ ಮತ್ತು ಬ್ರೇಕು ಈ ನಾಲ್ಕನ್ನೂ ಒಂದಕ್ಕೊಂದು ಹೊಂದಿಸುವುದು. ಈ ರೂಢಿ ಎದ್ದು ಕಾಣುವುದು ಆಸ್ಟ್ರೇಲಿಯದಲ್ಲಿ. ಅಲ್ಲಿ ನಿವೃತ್ತ ದಂಪತಿಗಳೂ ದೀರ್ಘ ರಜೆ ಹಾಕಿದ ಕುಟುಂಬಗಳೂ ಮಲಗುವ ಕೋಣೆ, ಅಡುಗೆಮನೆ, ನೀರಿನ ತೊಟ್ಟಿಗಳಿರುವ ಕ್ಯಾರವಾನನ್ನು ವಾಹನದ ಹಿಂದೆ ಕಟ್ಟಿಕೊಂಡು ತಿಂಗಳುಗಟ್ಟಲೆ ಖಂಡವನ್ನು ಸುತ್ತುತ್ತಾರೆ. ಈ ಪ್ರಯಾಣದಲ್ಲಿ ನಲ್ಲಾರ್ಬರ್ ಬಯಲಿನ ಏರ್ ಹೆದ್ದಾರಿಯಂಥ ಡಾಂಬರು ರಸ್ತೆಗಳ ಜೊತೆಗೆ ಗಿಬ್ ರಿವರ್ ರಸ್ತೆ, ಊಡ್ನಡಾಟಾ ಟ್ರ್ಯಾಕ್‌ಗಳಂಥ ಕಚ್ಚಾ ಹಾದಿಗಳೂ ಬರುತ್ತವೆ. ಕಚ್ಚಾ ಹಾದಿಯ ಕಲ್ಲು ಮತ್ತು ಹಳ್ಳಗಳಿಗೆ ವಾಹನ ಎತ್ತರವಾಗಿರಬೇಕು, ಭಾರದ ಎಳೆತಕ್ಕೆ ತಗ್ಗಾಗಿರಬೇಕು. ಎರಡೂ ಬೇಡಿಕೆಗಳು ಒಂದೇ ವಾಹನದ ಮೇಲೆ ಬೀಳುವುದರಿಂದಲೇ ಈ ಸಜ್ಜುಗೊಳಿಕೆ ಸೂಕ್ಷ್ಮವಾದದ್ದು.

ಮೊದಲು ಮಾಡಬೇಕಾದದ್ದು ತೂಕದ ಲೆಕ್ಕ. ತನ್ನ ಸ್ವಂತ ತೂಕ, ಜನ, ಸಾಮಾನು, ಇಂಧನ ಮತ್ತು ಕ್ಯಾರವಾನಿನ ಮೂತಿ ಹೇರುವ ಭಾರ ಎಲ್ಲವನ್ನೂ ಸೇರಿಸಿ ವಾಹನವೊಂದೇ ತೂಗಬಹುದಾದ ಗರಿಷ್ಠ ತೂಕಕ್ಕೆ ಜಿವಿಎಂ ಎಂದು ಹೆಸರು. ವಾಹನ ಮತ್ತು ಕ್ಯಾರವಾನ್ ಎರಡೂ ಕೂಡಿ ಮೀರಬಾರದ ಮಿತಿ ಜಿಸಿಎಂ. ವಾಹನಕ್ಕೆ ಜೋಡಿಸದೆ, ಪೂರ್ತಿ ಸಾಮಾನು ತುಂಬಿ ನಿಲ್ಲಿಸಿದ ಕ್ಯಾರವಾನಿನ ಗರಿಷ್ಠ ತೂಕ ಎಟಿಎಂ. ಕ್ಯಾರವಾನಿನ ಮೂತಿಯು ವಾಹನದ ಹಿಂಬದಿಯ ಗುಂಡಿನ ಮೇಲೆ, ಅಂದರೆ ಟೋ ಬಾಲ್ ಮೇಲೆ, ಒತ್ತುವ ಭಾರ ಟೋ ಬಾಲ್ ತೂಕ. ಇದು ಎಟಿಎಂನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕೆಂಬುದು ಆಸ್ಟ್ರೇಲಿಯದ ರೂಢಿ.

ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ 3500 ಕೆ.ಜಿ. ಎಳೆತದ ಸಾಮರ್ಥ್ಯವು ಈ ಮಿತಿಗಳಲ್ಲಿ ಒಂದು ಮಾತ್ರ. ಉಳಿದವುಗಳ ಜೊತೆ ಇಟ್ಟು ನೋಡದಿದ್ದರೆ ಅದು ದಾರಿ ತಪ್ಪಿಸುತ್ತದೆ. ಒಂದು ಪಿಕಪ್ ವಾಹನದ ಜಿವಿಎಂ 3200 ಕೆ.ಜಿ., ಜಿಸಿಎಂ 6000 ಕೆ.ಜಿ. ಇದೆಯೆಂದುಕೊಳ್ಳಬಹುದು. ಅದರ ಹಿಂದೆ 3500 ಕೆ.ಜಿ.ಯ ಕ್ಯಾರವಾನನ್ನು ಕಟ್ಟಿದರೆ ವಾಹನದ ಪಾಲಿಗೆ ಉಳಿಯುವುದು 2500 ಕೆ.ಜಿ. ಖಾಲಿ ವಾಹನವೇ 2250 ಕೆ.ಜಿ. ತೂಗಿದರೆ ಜನ, ಫ್ರಿಜ್ಜು, ಉಪಕರಣಗಳು, ಮುಂಭಾಗದ ಉಕ್ಕಿನ ಬುಲ್ ಬಾರ್, ಎರಡನೆಯ ಬ್ಯಾಟರಿ ಇವೆಲ್ಲಕ್ಕೂ ಸೇರಿ 250 ಕೆ.ಜಿ. ಮಾತ್ರ ಮಿಗುತ್ತದೆ. ಇಬ್ಬರು ಕುಳಿತು ಬುಲ್ ಬಾರ್ ಹಾಕಿಸಿದರೆ ಆ ಅವಕಾಶದ ಬಹುಪಾಲು ಮುಗಿದಂತೆಯೇ. ಆದ್ದರಿಂದ ಕ್ಯಾರವಾನ್ ಕೊಂಡ ಮೇಲೆ ಲೆಕ್ಕ ಹಾಕುವುದಕ್ಕಿಂತ, ಪ್ರವಾಸಕ್ಕೆ ಹೊರಟಂತೆಯೇ ತುಂಬಿದ ವಾಹನವನ್ನು ಮೊದಲು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿ, ಉಳಿದ ಅಂತರಕ್ಕೆ ಒಗ್ಗುವ ಕ್ಯಾರವಾನನ್ನು ಆರಿಸುವುದೇ ಸರಿಯಾದ ಕ್ರಮ.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು. ಟೋ ಬಾಲ್ ಹಿಂದಿನ ಆಕ್ಸಲಿಗಿಂತ ಒಂದು ಮೀಟರಿಗೂ ಹೆಚ್ಚು ಹಿಂದಿರುವುದರಿಂದ ಅಲ್ಲಿ ಬಿದ್ದ ಭಾರವು, ಏತದ ಮರದ ಒಂದು ತುದಿಯನ್ನು ತುಳಿದಾಗ ಇನ್ನೊಂದು ತುದಿ ಏಳುವಂತೆ, ವಾಹನದ ಮೂತಿಯನ್ನು ಮೇಲಕ್ಕೆತ್ತುತ್ತದೆ. ಟೊಯೊಟಾ ಲ್ಯಾಂಡ್‌ಕ್ರೂಸರಿನ 200 ಮತ್ತು 300 ಸರಣಿಗಳಲ್ಲಿ ಮುಂದಿನ ಹಾಗೂ ಹಿಂದಿನ ಆಕ್ಸಲುಗಳ ನಡುವಿನ ಅಂತರ 2850 ಮಿ.ಮೀ. ಹಿಂದಿನ ಆಕ್ಸಲಿನಿಂದ 1.2 ಮೀ. ಹಿಂದೆ 350 ಕೆ.ಜಿ. ಟೋ ಬಾಲ್ ತೂಕ ಕೂತರೆ ಮುಂದಿನ ಚಕ್ರಗಳಿಂದ ಸುಮಾರು 147 ಕೆ.ಜಿ. ಕಡಿಮೆಯಾಗಿ, ಹಿಂದಿನ ಆಕ್ಸಲಿನ ಮೇಲೆ 350ರ ಬದಲು ಸುಮಾರು 497 ಕೆ.ಜಿ. ಹೆಚ್ಚುತ್ತದೆ. ಸ್ಟಿಯರಿಂಗ್ ಮಾಡುವುದೂ ಬ್ರೇಕಿನ ದೊಡ್ಡ ಪಾಲನ್ನು ಹೊರುವುದೂ ಮುಂದಿನ ಚಕ್ರಗಳೇ ಆದ್ದರಿಂದ ಈ ಕೊರತೆ ಕ್ಷುಲ್ಲಕವಲ್ಲ.

ಹಿಂಬದಿ ಕುಸಿದಿರುವುದನ್ನು ಕಂಡವರು ಸಾಮಾನ್ಯವಾಗಿ ಹಿಂದಿನ ಸ್ಪ್ರಿಂಗುಗಳಿಗೆ ಗಾಳಿಚೀಲಗಳನ್ನು ಸೇರಿಸುತ್ತಾರೆ. ಇವು ವಾಹನವನ್ನು ಮಟ್ಟಸವಾಗಿ ನಿಲ್ಲಿಸುತ್ತವೆಯೇ ಹೊರತು ಒಂದು ಕಿಲೋಗ್ರಾಂ ಭಾರವನ್ನೂ ಮುಂದಿನ ಚಕ್ರಗಳಿಗೆ ಮರಳಿಸುವುದಿಲ್ಲ. ಲೀಫ್ ಸ್ಪ್ರಿಂಗಿನ ಪಿಕಪ್ಪುಗಳಲ್ಲಿ ಇದರಿಂದ ಬೇರೆಯೇ ಅಪಾಯವಿದೆ. ಲೀಫ್ ಸ್ಪ್ರಿಂಗು ತನ್ನ ಎರಡು ತುದಿಗಳ ಮೂಲಕ ಭಾರವನ್ನು ಚಾಸಿಯ ಎರಡು ಕಡೆ ಹಂಚಿದರೆ, ನಡುವೆ ಕೂರಿಸಿದ ಗಾಳಿಚೀಲ ಅದೇ ಭಾರವನ್ನು ಆಕ್ಸಲಿನ ಮೇಲ್ಗಡೆಯ ಒಂದೇ ಬಿಂದುವಿಗೆ ಒತ್ತುತ್ತದೆ. ಹಿಂದೆ ಭಾರದ ಕ್ಯಾರವಾನ್ ಜೋತುಬಿದ್ದಿರುವಾಗ ಹಳ್ಳಕ್ಕಿಳಿದರೆ ಚಾಸಿ ಆ ಬಿಂದುವಿನಲ್ಲೇ ಬಾಗಬಹುದು. ಆಸ್ಟ್ರೇಲಿಯದ ಒಳನಾಡಿನಲ್ಲಿ ಹೀಗೆ ನಡು ಮುರಿದ ಪಿಕಪ್ಪುಗಳು ಅಪರೂಪವಲ್ಲ. ಭಾರಕ್ಕೆ ತಕ್ಕ ಸ್ಪ್ರಿಂಗು, ಶಾಕ್‌ಗಳನ್ನು ಒಳಗೊಂಡು ಪ್ರಮಾಣಪತ್ರ ಪಡೆದ ಜಿವಿಎಂ ಹೆಚ್ಚಳವು ಹೆಚ್ಚು ಭರವಸೆಯ ಪರಿಹಾರ. ಆದರೆ ಜಿವಿಎಂ ಹೆಚ್ಚಿದೊಡನೆ ಜಿಸಿಎಂ ತಾನಾಗಿ ಹೆಚ್ಚುವುದಿಲ್ಲ. ವಾಹನಕ್ಕೆ ಹೆಚ್ಚು ತುಂಬಿದಷ್ಟೂ ಎಳೆಯಬಹುದಾದ ಕ್ಯಾರವಾನು ಹಗುರವಾಗುತ್ತ ಹೋಗಬೇಕಾಗುತ್ತದೆ.

ವಾಹನವನ್ನು ಎಷ್ಟು ಎತ್ತರಿಸಬಹುದೆಂಬುದನ್ನು ವಿಎಸ್‌ಬಿ 14 ಎಂಬ ರಾಷ್ಟ್ರೀಯ ಮಾರ್ಗಸೂಚಿ ಮತ್ತು ಆಯಾ ರಾಜ್ಯದ ನಿಯಮಗಳು ನಿರ್ಧರಿಸುತ್ತವೆ. ಹಲವು ರಾಜ್ಯಗಳಲ್ಲಿ ಸಸ್ಪೆನ್ಷನ್ನಿನಿಂದ 50 ಮಿ.ಮೀ., ಟೈರಿನಿಂದ 25 ಮಿ.ಮೀ., ಒಟ್ಟು 75 ಮಿ.ಮೀ. ವರೆಗಿನ ಎತ್ತರಕ್ಕೆ ಎಂಜಿನಿಯರರ ಪ್ರಮಾಣಪತ್ರ ಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಪರೀಕ್ಷೆ ಮತ್ತು ಪ್ರಮಾಣಪತ್ರ ಅಗತ್ಯ. ಕ್ಯಾರವಾನ್ ಎಳೆಯುವವರಿಗೆ 50 ಮಿ.ಮೀ. ಸಸ್ಪೆನ್ಷನ್ ಲಿಫ್ಟೇ ಸಾಕು. ಗುರುತ್ವಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ವಾಹನ ಹೆಚ್ಚು ವಾಲುತ್ತದೆ, ಹಿಂದಿನಿಂದ ಕ್ಯಾರವಾನು ಪಕ್ಕಕ್ಕೆ ತಳ್ಳಿದಾಗ ಅದನ್ನು ತಡೆದುಕೊಳ್ಳುವ ಶಕ್ತಿ ತಗ್ಗುತ್ತದೆ.

ಲಿಫ್ಟ್ ಕಿಟ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುಂದೆ ಗಟ್ಟಿ ಆಕ್ಸಲ್ ಇರುವ ವಾಹನಗಳಲ್ಲಿ ಎತ್ತರ ಹೆಚ್ಚಿದಂತೆ ಕ್ಯಾಸ್ಟರ್ ಕೋನ, ಅಂದರೆ ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಪ್ರಮಾಣ, ಕಡಿಮೆಯಾಗುತ್ತದೆ. ತಿರುಗಿಸಿ ಬಿಟ್ಟ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವುದು ಈ ಕೋನದಿಂದ. ಅದು ತಗ್ಗಿದಾಗ ಹೆದ್ದಾರಿಯಲ್ಲಿ ವಾಹನ ಅತ್ತಿತ್ತ ಅಲೆಯುತ್ತದೆ. ಬೇರೆ ಬುಷ್ ಹಾಕಿ ಕೋನವನ್ನು ಸರಿಪಡಿಸದೆ ಕ್ಯಾರವಾನ್ ಕಟ್ಟಬಾರದು. ಆಕ್ಸಲನ್ನು ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ಸಲಾಕೆಯಿದ್ದಲ್ಲಿ ಲಿಫ್ಟಿನ ನಂತರ ಆಕ್ಸಲ್ ಒಂದು ಬದಿಗೆ ಸರಿದಿರುವುದರಿಂದ ಅದನ್ನು ಉದ್ದ ಹೊಂದಿಸಬಹುದಾದ ಸಲಾಕೆಯಿಂದ ನಡುಮಧ್ಯಕ್ಕೆ ತರಬೇಕು. ಇನ್ನು ಕೆಲವು ವಾಹನಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಸಣ್ಣ ಸನ್ನೆಯೊಂದಿಗೆ ಜೋಡಿಸಿದ ಕವಾಟವಿರುತ್ತದೆ. ಹಿಂಬದಿ ಕುಸಿದರೆ ಭಾರವಿದೆಯೆಂದು ಹಿಂದಿನ ಬ್ರೇಕುಗಳಿಗೆ ಹೆಚ್ಚು ಒತ್ತಡವನ್ನೂ, ಎದ್ದರೆ ಖಾಲಿಯೆಂದು ಕಡಿಮೆ ಒತ್ತಡವನ್ನೂ ಅದು ಕಳಿಸುತ್ತದೆ. 50 ಮಿ.ಮೀ. ಎತ್ತರಿಸಿದ ವಾಹನ ಪೂರ್ತಿ ತುಂಬಿದ್ದರೂ ಆ ಕವಾಟಕ್ಕೆ ಖಾಲಿಯಾಗಿಯೇ ತೋರುವುದರಿಂದ, ಸನ್ನೆಯ ಆಧಾರಪಟ್ಟಿಯನ್ನು ಅಷ್ಟೇ ಪ್ರಮಾಣದಲ್ಲಿ ಸರಿಸದಿದ್ದರೆ ಹಿಂದಿನ ಬ್ರೇಕು ದುರ್ಬಲವಾಗಿಯೇ ಉಳಿಯುತ್ತದೆ. ಬೆಟ್ಟದಿಂದ ಇಳಿಯುವಾಗಲೇ ಬಯಲಾಗುವ ಇಂಥ ದೋಷವನ್ನು ಗ್ಯಾರೇಜಿನಲ್ಲೇ ಹುಡುಕಿ ಸರಿಪಡಿಸಬೇಕು.

ಟೈರಿನ ವಿಷಯದಲ್ಲೂ ಲೆಕ್ಕವಿದೆ. 265/65 ಆರ್ 17 ಟೈರಿನ ವ್ಯಾಸ ಸುಮಾರು 776 ಮಿ.ಮೀ., 275/70 ಆರ್ 17ರದು ಸುಮಾರು 817 ಮಿ.ಮೀ. ಎರಡನೆಯದನ್ನು ಹಾಕಿಸಿದಾಗ ದೊರೆಯುವ ಎತ್ತರ 20 ಮಿ.ಮೀ. ಮಾತ್ರ, ಆದರೆ ಗೇರುಗಳು ಸುಮಾರು ಶೇ. 5ರಷ್ಟು ಉದ್ದವಾಗಿ ಏರಿನಲ್ಲಿ ಎಂಜಿನ್ ತಿಣುಕುತ್ತದೆ, ಅದೇ ಪೆಡಲ್ ಒತ್ತಡಕ್ಕೆ ಬ್ರೇಕಿನ ಬಲ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಭಾರಸೂಚಿ ಹಿಂದಿನ ಆಕ್ಸಲಿನ ತೂಕಕ್ಕೆ ಸಾಲುವಂತಿರಬೇಕು: ಸೂಚಿ 116 ಎಂದರೆ ಒಂದು ಟೈರಿಗೆ 1250 ಕೆ.ಜಿ., 121 ಎಂದರೆ 1450 ಕೆ.ಜಿ.

ಎತ್ತರಿಸಿದ ವಾಹನದ ಟೋ ಬಾಲ್ ಕೂಡ ಮೇಲೇರಿರುತ್ತದೆ. ಆಸ್ಟ್ರೇಲಿಯದಲ್ಲಿ 50 ಮಿ.ಮೀ. ಗುಂಡಿನ ಕೊಂಡಿಗೆ ನೆಲದಿಂದ 350ರಿಂದ 460 ಮಿ.ಮೀ. ಎತ್ತರವನ್ನು ಮಾನದಂಡವಾಗಿ ಇಟ್ಟುಕೊಂಡಿದ್ದಾರೆ. ಗುಂಡು ಇದಕ್ಕಿಂತ ಮೇಲಿದ್ದರೆ ಕ್ಯಾರವಾನಿನ ಮೂತಿ ಆಕಾಶದ ಕಡೆಗೆ ಏಳುತ್ತದೆ, ಅದರ ಹಿಂದಿನ ಆಕ್ಸಲ್ ಹೆಚ್ಚು ಭಾರ ಹೊರುತ್ತದೆ, ಟೋ ಬಾಲ್ ತೂಕ ತಗ್ಗುತ್ತದೆ, ಕೊನೆಗೆ ಓಲಾಟದ ಅಪಾಯ ಹೆಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಟೋಬಾರಿನ ಚೌಕಾಕಾರದ ತೂತಿಗೆ ಸೇರಿಸುವ ನಾಲಿಗೆಯನ್ನು ತಲೆಕೆಳಗಾಗಿ ತಿರುಗಿಸಿಯೋ, ಕೆಳಕ್ಕೆ ಬಾಗಿದ ನಾಲಿಗೆಯನ್ನು ಬಳಸಿಯೋ ಗುಂಡನ್ನು ಇಳಿಸುತ್ತಾರೆ. ನಾಲಿಗೆಯ ಮೇಲೆ ಕೆತ್ತಿದ ತೂಕದ ಮಿತಿಯನ್ನು ಓದಿಕೊಳ್ಳಬೇಕು. ಅಗತ್ಯಕ್ಕಿಂತ ಉದ್ದನೆಯ ನಾಲಿಗೆ ಗುಂಡನ್ನು ಆಕ್ಸಲಿನಿಂದ ಇನ್ನಷ್ಟು ದೂರ ಒಯ್ಯುವುದರಿಂದ ಮೇಲೆ ಹೇಳಿದ ಏತದ ಪರಿಣಾಮ ಹೆಚ್ಚುತ್ತದೆ. ಎಲ್ಲ ಸಾಮಾನು ತುಂಬಿ ಕೊಂಡಿ ಹಾಕಿದ ಮೇಲೆ ಕ್ಯಾರವಾನಿನ ಚಾಸಿ ಮಟ್ಟಸವಾಗಿಯೋ ಮೂತಿ ಒಂದಿಷ್ಟು ತಗ್ಗಾಗಿಯೋ ನಿಂತರೆ ಎತ್ತರ ಸರಿಯಿದೆಯೆಂದರ್ಥ.

ಮುಂದಿನ ಚಕ್ರಗಳು ಕಳೆದುಕೊಂಡ ಭಾರವನ್ನು ನಿಜವಾಗಿ ಮರಳಿಸುವ ಸಾಧನ ಭಾರಹಂಚಿಕೆಯ ಕೊಂಡಿ. ಬಾಗುವ ಎರಡು ಉಕ್ಕಿನ ಸಲಾಕೆಗಳು ಕ್ಯಾರವಾನಿನ ಮೂತಿಯನ್ನೂ ವಾಹನದ ಹಿಂಬದಿಯನ್ನೂ ಬಿಗಿದು, ಗುಂಡಿನ ಮೇಲಿನ ಭಾರದ ಪಾಲನ್ನು ಮುಂದಕ್ಕೂ ಹಿಂದಕ್ಕೂ ದಾಟಿಸುತ್ತವೆ. ಡಾಂಬರಿನ ಮೇಲೆ ಇದು ಉಪಯುಕ್ತ. ಆಳವಾದ ಹಳ್ಳ, ಏರುತಗ್ಗುಗಳಲ್ಲಿ ಮಾತ್ರ ಸಲಾಕೆಗಳು ಚಾಸಿಯನ್ನೇ ತಿರುಚಬಲ್ಲವಾದ್ದರಿಂದ ಕಚ್ಚಾ ಹಾದಿಗೆ ಇಳಿಯುವ ಮೊದಲು ಕಳಚಿಡಬೇಕು. ಒರಟು ಹಾದಿಗೆಂದೇ ರೂಪಿಸಿದ ಡಿಓ 35ರಂಥ ಕೊಂಡಿಗಳಲ್ಲಿ ಗುಂಡಿನ ಬದಲು ಗೂಟವಿದ್ದು, ಕ್ಯಾರವಾನು ಎತ್ತ ತಿರುಚಿದರೂ ಅದು ವಾಹನಕ್ಕೆ ತಟ್ಟದಂತೆ ತಿರುಗಿಕೊಳ್ಳುತ್ತದೆ.

ಬ್ರೇಕಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 750 ಕೆ.ಜಿ. ಮೀರಿದ ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕು. 2000 ಕೆ.ಜಿ. ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕು ಬೇಕು. ಕೊಂಡಿ ಕಳಚಿದರೆ ತಾನಾಗಿ ಹಿಡಿದು ಕನಿಷ್ಠ 15 ನಿಮಿಷ ಬಿಡದಿರುವ ವ್ಯವಸ್ಥೆಯೂ ಇರಬೇಕು. 2500 ಕೆ.ಜಿ. ಮೀರಿದರೆ ಎರಡು ಸುರಕ್ಷತಾ ಸರಪಳಿಗಳು ಕಡ್ಡಾಯ. ಅವುಗಳನ್ನು ಕೊಂಡಿಯ ಕೆಳಗೆ ಒಂದನ್ನೊಂದು ಅಡ್ಡಹಾಯುವಂತೆ ಕಟ್ಟಿದರೆ ಕಳಚಿದ ಮೂತಿ ನೆಲಕ್ಕೆ ಬೀಳದೆ ಸರಪಳಿಗಳ ಮೇಲೆಯೇ ನಿಲ್ಲುತ್ತದೆ. ಚಾಲಕನ ಕೈಗೆಟಕುವಲ್ಲಿ ಕೂರಿಸಿದ ವಿದ್ಯುತ್ ಬ್ರೇಕ್ ನಿಯಂತ್ರಕವು ವಾಹನದ ವೇಗ ಇಳಿಯುವುದಕ್ಕೆ ತಕ್ಕಂತೆ ಕ್ಯಾರವಾನಿನ ಬ್ರೇಕುಗಳಿಗೆ ವಿದ್ಯುತ್ ಹರಿಸುತ್ತದೆ. ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಇದರ ಗುಂಡಿಯನ್ನಷ್ಟೇ ಒತ್ತಿದಾಗ ಚಕ್ರಗಳು ಜಾಮ್ ಆಗದೆ ಇಡೀ ಜೋಡಿ ದೃಢವಾಗಿ ನಿಧಾನಗೊಳ್ಳುವಂತೆ ಹೊಂದಿಸಿಕೊಳ್ಳಬೇಕು.

ಇಷ್ಟೆಲ್ಲ ಸಿದ್ಧತೆಯೂ ಎದುರಿಸಬೇಕಾದ ನಿಜವಾದ ಅಪಾಯ ಓಲಾಟ. ಕ್ಯಾರವಾನು ಹಾವಿನಂತೆ ಅತ್ತಿತ್ತ ತೂಗುತ್ತ, ಪ್ರತಿ ಸಲವೂ ಹೆಚ್ಚುತ್ತ, ಕೊನೆಗೆ ವಾಹನವನ್ನೂ ಸೆಳೆದುಕೊಂಡು ಮಗುಚಬಲ್ಲದು. ಐವತ್ತು ಮೀಟರಿಗೂ ಉದ್ದವಿರುವ ರೋಡ್ ಟ್ರೇನುಗಳು, ಅಂದರೆ ಹಲವು ಟ್ರೇಲರುಗಳನ್ನು ಎಳೆಯುವ ಲಾರಿಗಳು, ಪಕ್ಕದಲ್ಲಿ ಹಾದಾಗ ಅವುಗಳ ಗಾಳಿಯೇ ಈ ತೂಗಾಟವನ್ನು ಆರಂಭಿಸಬಲ್ಲದು. ವೇಗ ಹೆಚ್ಚಿದಷ್ಟೂ ಓಲಾಟ ತಾನಾಗಿ ಶಮನವಾಗುವ ಸಾಧ್ಯತೆ ಕುಗ್ಗುತ್ತದೆ. ಕ್ಯಾರವಾನಿನ ಹಿಂಬದಿಯ ಗೋಡೆಗೆ ಬಿಗಿದ ಎರಡು ಸ್ಟೆಪ್ನಿ ಚಕ್ರಗಳು, ಸೈಕಲ್ಲುಗಳು, ಉಪಕರಣಗಳ ಪೆಟ್ಟಿಗೆ ಇವು ಒಟ್ಟು ತೂಕವನ್ನು ಮೀರಿಸದಿದ್ದರೂ ಆಕ್ಸಲಿನಿಂದ ದೂರವಿರುವ ಕಾರಣಕ್ಕೇ ತೂಗಾಟವನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದ ಭಾರದ ವಸ್ತುಗಳು ಆಕ್ಸಲಿನ ಮೇಲೆ, ನೆಲಕ್ಕೆ ಹತ್ತಿರವಾಗಿ ಇರಬೇಕು. ನೀರಿನ ತೊಟ್ಟಿಗಳನ್ನೂ ಮರೆಯುವಂತಿಲ್ಲ: 100 ಲೀಟರ್ ಎಂದರೆ 100 ಕೆ.ಜಿ. ಆಕ್ಸಲಿನ ಮುಂದಿರುವ ತೊಟ್ಟಿ ಮೊದಲು ಬರಿದಾಗಿ ಹಿಂದಿನದು ತುಂಬಿಯೇ ಇದ್ದರೆ, ಹೊರಡುವಾಗ ಸರಿಯಿದ್ದ ಟೋ ಬಾಲ್ ತೂಕ ದಾರಿಯಲ್ಲೇ ಕರಗಿಹೋಗಿರುತ್ತದೆ. ಓಲಾಟ ಶುರುವಾದರೆ ಸ್ಟಿಯರಿಂಗಿನಿಂದ ತಿದ್ದಲು ಹೋಗದೆ, ವಾಹನದ ಬ್ರೇಕನ್ನು ಜೋರಾಗಿ ತುಳಿಯದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ಕೈಗುಂಡಿಯಿಂದ ಕ್ಯಾರವಾನಿನ ಬ್ರೇಕನ್ನಷ್ಟೇ ಹಿಡಿಯಬೇಕು. ಆಗ ಕ್ಯಾರವಾನು ಹಿಂದಕ್ಕೆ ಎಳೆದಂತಾಗಿ ಜೋಡಿ ನೇರವಾಗುತ್ತದೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಜಿಸಿಎಂ 4.5 ಟನ್ ಮೀರಿದ ಜೋಡಿಗೆ ಗಂಟೆಗೆ 100 ಕಿ.ಮೀ. ವೇಗಮಿತಿಯಿದೆ, ಎತ್ತರಿಸಿದ ವಾಹನಕ್ಕೆ ಅದಕ್ಕಿಂತಲೂ ಕಡಿಮೆ ವೇಗವೇ ಒಳಿತು. ದೀರ್ಘ ಏರುಗಳಲ್ಲಿ ಆಟೊಮ್ಯಾಟಿಕ್ ಗೇರುಪೆಟ್ಟಿಗೆಯ ಎಣ್ಣೆ ಬೇಗ ಕಾಯುವುದರಿಂದ ಅದಕ್ಕೆ ಹೆಚ್ಚುವರಿ ಕೂಲರ್ ಹಾಕಿಸುವವರು ಬಹಳ. ಇಳಿಜಾರಿನಲ್ಲಿ ಏರಲು ಬೇಕಾದ ಗೇರಿನಲ್ಲೇ ಇಳಿದರೆ ಬ್ರೇಕು ಕಾಯುವುದಿಲ್ಲ. ಕ್ಯಾರವಾನು ವಾಹನಕ್ಕಿಂತ ಅಗಲವಾಗಿದ್ದರೆ ಹಿಂದೆ ಬರುವವರನ್ನು ಕಾಣಲು ಹೊರಚಾಚಿದ ಕನ್ನಡಿಗಳನ್ನು ಜೋಡಿಸಬೇಕು. ಹೊಸ ಸ್ಪ್ರಿಂಗುಗಳು ಬಳಕೆಯಲ್ಲಿ ಸ್ವಲ್ಪ ಕುಳಿತುಕೊಳ್ಳುವುದರಿಂದ ಕೆಲವು ನೂರು ಕಿಲೋಮೀಟರು ಓಡಿಸಿದ ಮೇಲೆ ಗುಂಡಿನ ಎತ್ತರವನ್ನು ಮತ್ತೆ ಅಳೆದು, ಬೋಲ್ಟುಗಳನ್ನು ಬಿಗಿದು, ಜೋಡಿಯನ್ನು ಇನ್ನೊಮ್ಮೆ ವೇಬ್ರಿಡ್ಜಿಗೆ ಒಯ್ದು ಒಂದೊಂದು ಆಕ್ಸಲನ್ನೂ ಪ್ರತ್ಯೇಕವಾಗಿ ತೂಗಿಸಿಕೊಳ್ಳಬೇಕು.