ತೇಲುವ ಕೊಳವೆ ನುಡಿದ ಸತ್ಯ

ಪ್ರಯೋಗಾಲಯದಲ್ಲಿ ಹೈಡ್ರೋಮೀಟರನ್ನು ನೀವು ನೋಡಿರುತ್ತೀರಿ. ನಿಗದಿತ ಉಷ್ಣತೆಯ ಶುದ್ಧ ನೀರಿನಲ್ಲಿ ಅದು 1.000 ತೋರಿಸುತ್ತದೆ. ನೀರಿಗೆ ಸಕ್ಕರೆ ಬೆರೆಸಿದರೆ ಸಾಂದ್ರತೆ ಹೆಚ್ಚಿ ಕೊಳವೆ ಮೇಲೇಳುತ್ತದೆ. ಈ ಸರಳ ತತ್ವ ಇಂಗ್ಲೆಂಡಿನ ಬಿಯರ್ ಉದ್ಯಮದ ಹಳೆಯ ನಂಬಿಕೆಯೊಂದನ್ನು ತಲೆಕೆಳಗು ಮಾಡಿತು.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಪಿಷ್ಟವು ಸಕ್ಕರೆಯಾಗಿ ಸಿಹಿರಸ ದೊರೆಯುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ರಸದಲ್ಲಿ ಸಕ್ಕರೆ ಎಷ್ಟಿದೆಯೆಂಬುದನ್ನು ತಯಾರಕರು ಬಹುಕಾಲ ನಾಲಗೆಯ ರುಚಿ, ಬೆರಳಿನ ಅಂಟುಗಳಿಂದಲೇ ಅಂದಾಜು ಮಾಡುತ್ತಿದ್ದರು.

1760ರ ದಶಕದ ಕೊನೆಯಲ್ಲಿ ಆಲ್ಟನ್ ಪಟ್ಟಣದ ಜೇಮ್ಸ್ ಬ್ಯಾವರ್‌ಸ್ಟಾಕ್ ಈ ರಸಕ್ಕೆ ಹೈಡ್ರೋಮೀಟರನ್ನು ಇಳಿಬಿಟ್ಟು ನೋಡತೊಡಗಿದ. ತಂದೆಗೆ ಅದು ಹಿಡಿಸದ ಕಾರಣ ಗುಟ್ಟಾಗಿ ಅಳೆಯಬೇಕಾಯಿತು. ಲಂಡನ್ನಿನ ಪ್ರಸಿದ್ಧ ಉದ್ಯಮಿ ಸ್ಯಾಮ್ಯುಯೆಲ್ ವಿಟ್‌ಬ್ರೆಡ್ ಕೂಡ ಪ್ರೋತ್ಸಾಹಿಸಲಿಲ್ಲ. 1784ರಲ್ಲಿ ಹಲ್ ನಗರದ ಜಾನ್ ರಿಚರ್ಡ್‌ಸನ್ ಅಳತೆಗಳ ಗ್ರಂಥವನ್ನೇ ಪ್ರಕಟಿಸಿದ. ‘ಸ್ಯಾಕರೋಮೀಟರ್’ ಎಂಬ ಹೆಸರು ಬಳಕೆಗೆ ಬಂತು.

ಅಂಕಿಗಳು ಹೇಳಿದ್ದೇನು? ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟಿನಿಂದ ದೊರೆಯುವ ಸಕ್ಕರೆ ಬಹಳ ಕಡಿಮೆ. ದುಬಾರಿಯಾದ ತಿಳಿಬಣ್ಣದ ಮಾಲ್ಟೇ ನಿಜವಾಗಿ ಲಾಭಕರ! ತಯಾರಕರು ಅದರತ್ತ ತಿರುಗಿದರು. ಆದರೆ ‘ಪೋರ್ಟರ್’ ಎಂಬ ಬಿಯರಿನ ಕಡುಬಣ್ಣ ಮಾಯವಾಯಿತು. ಅದಕ್ಕೆ ಪರಿಹಾರವಾಗಿ ಕಪ್ಪಗೆ ಹುರಿದ ಮಾಲ್ಟಿಗೆ 1817ರಲ್ಲಿ ಡೇನಿಯಲ್ ವೀಲರ್ ಪೇಟೆಂಟ್ ಪಡೆದ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು, ರಸದ ಸಾಂದ್ರತೆಯ ಆಧಾರದ ಮೇಲೆಯೇ ತೆರಿಗೆ ವಿಧಿಸಿತು.

1963ರಲ್ಲಿ ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರ್ ತಯಾರಿಕೆಗೆ ಪರವಾನಗಿ ಬೇಕಿಲ್ಲವೆಂದಾಯಿತು. ರಸವನ್ನು ಪಾಕದಂತೆ ಗಟ್ಟಿಮಾಡಿದ ‘ಮಾಲ್ಟ್ ಎಕ್ಸ್‌ಟ್ರಾಕ್ಟ್’ ಡಬ್ಬಿಗಳೊಂದಿಗೆ ಹೈಡ್ರೋಮೀಟರೂ ಅಡುಗೆಮನೆ ಸೇರಿತು. ಆರಂಭದಲ್ಲಿ 1.040 ಇದ್ದದ್ದು ಕೊನೆಗೆ 1.010ಕ್ಕೆ ಇಳಿದರೆ, ವ್ಯತ್ಯಾಸವನ್ನು 131ರಿಂದ ಗುಣಿಸಬೇಕು: ಆಲ್ಕೊಹಾಲ್ ಸುಮಾರು ಶೇ. 3.9. ಅಂಕಿ ಇನ್ನೂ ಇಳಿಯುತ್ತಿರುವಾಗಲೇ ಸೀಸೆಗೆ ತುಂಬಿ ಮುಚ್ಚಿದರೆ, ಒಳಗೆ ಅನಿಲ ಹೆಚ್ಚಿ ಸೀಸೆ ಸಿಡಿಯಬಹುದು. ಕೆಲವು ದಿನ ಅಂಕಿ ಬದಲಾಗದೆ ನಿಂತಮೇಲೆಯೇ ಮುಚ್ಚುವುದು ಕ್ಷೇಮ.

ಪ್ರಾಗ್ ನಗರದ ಕಾರ್ಲ್ ಬಾಲಿಂಗ್ ಸಕ್ಕರೆ ದ್ರಾವಣಗಳ ಸಾಂದ್ರತೆಯ ಕೋಷ್ಟಕ ರಚಿಸಿದ. ಅಡಾಲ್ಫ್ ಬ್ರಿಕ್ಸ್ ಅದನ್ನು ತಿದ್ದಿದ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಅಳೆಯುವುದು ಇದೇ ಬ್ರಿಕ್ಸ್ ಮಾನದಿಂದ. ಅನುಭವ ದೊಡ್ಡದು, ನಿಜ. ಆದರೆ ಅಳೆದು ನೋಡುವವರೆಗೆ ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ಅನುಭವಿಗೂ ತಿಳಿದಿರಲಿಲ್ಲ.