ಬಂಪರ್ ದುರಸ್ತಿ: ಸುತ್ತಿಗೆಯಿಂದ ಬಿಸಿಗಾಳಿಯವರೆಗೆ

ದೆಹಲಿಯ ನೈಋತ್ಯ ಅಂಚಿನಲ್ಲಿ ಪಪ್ಪನ್‌ಕಲಾನ್ ಯೋಜನೆಯಾಗಿ ಆರಂಭಗೊಂಡು ಮುಂದೆ ದ್ವಾರಕಾ ಎಂದು ಹೆಸರಾದ ಉಪನಗರವನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಸೆಕ್ಟರುಗಳಾಗಿ ರೂಪಿಸಿತು. 2005ರ ಡಿಸೆಂಬರ್ 31ರಂದು ಮೆಟ್ರೊ ಬಂದಿತಾದರೂ, ಅಲ್ಲಿನ ಅಗಲವಾದ ರಸ್ತೆಗಳು ಕಾರುಗಳಿಗೆಂದೇ ಹಾಸಿದಂತಿವೆ. ಇಷ್ಟು ಹೊಸ ಊರಿಗೆ ದುರಸ್ತಿಯ ಸ್ವಂತ ಪರಂಪರೆ ಇರುವುದು ಸಾಧ್ಯವಿರಲಿಲ್ಲ. ಬಿಡಿಭಾಗಗಳಿಗೆ ಕಾಶ್ಮೀರಿ ಗೇಟ್, ಗುಜರಿ ಸಾಮಾನಿಗೆ ಮಾಯಾಪುರಿ ಎಂಬ ಹಳೆಯ ಪೇಟೆಗಳೇ ಆಧಾರ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಗಿರುವ ಸ್ಥಾನ ದೆಹಲಿಯಲ್ಲಿ ಕಾಶ್ಮೀರಿ ಗೇಟ್‌ಗಿದೆ.

ಕಾರಿನ ತಗ್ಗಾದ, ಬಗ್ಗಿದ ಮೈಯನ್ನು ಸರಿಪಡಿಸುವ, ಕರ್ನಾಟಕದಲ್ಲಿ ಟಿಂಕರಿಂಗ್ ಎನ್ನುವ ಕೆಲಸಕ್ಕೆ ಉತ್ತರದಲ್ಲಿ ಡೆಂಟಿಂಗ್ ಎನ್ನುತ್ತಾರೆ. ಅಂಬಾಸಿಡರ್ ಕಾಲದಲ್ಲಿ ಬಂಪರ್ ಎಂದರೆ ಕ್ರೋಮ್ ಲೇಪಿಸಿದ ಉಕ್ಕಿನ ಪಟ್ಟಿ. ಬಗ್ಗಿದರೆ ಬಿಚ್ಚಿ, ಸುತ್ತಿಗೆಯಿಂದ ತಟ್ಟಿ ನೇರಮಾಡಿ, ಮತ್ತೆ ಲೇಪ ಹಾಕಿಸಿದರೆ ಕೆಲಸ ಮುಗಿಯುತ್ತಿತ್ತು. ಈ ಕುಶಲತೆಯನ್ನು ನಿರುಪಯುಕ್ತಗೊಳಿಸಿದ ಬದಲಾವಣೆ ಹೊರದೇಶಗಳಲ್ಲಿ ನಡೆಯಿತು. 1972ರಲ್ಲಿ ಫ್ರಾನ್ಸಿನ ರೆನೊ 5 ಪ್ಲಾಸ್ಟಿಕ್ ಬಂಪರಿನೊಂದಿಗೆ ಬಂದಿತು. ಅಮೆರಿಕವು 1973ರ ಮಾದರಿಗಳಿಂದ, ಮುಂಭಾಗ ಗಂಟೆಗೆ 5 ಮೈಲಿ ಮತ್ತು ಹಿಂಭಾಗ 2.5 ಮೈಲಿ ವೇಗದ ಡಿಕ್ಕಿಯನ್ನು ದೀಪ ಮುಂತಾದ ಸುರಕ್ಷತಾ ಸಾಧನಗಳಿಗೆ ಹಾನಿಯಾಗದಂತೆ ತಾಳಬೇಕೆಂದು ವಿಧಿಸಿತು. ಹೀಗೆ ಬಂಪರ್ ಕಾಲಕ್ರಮದಲ್ಲಿ ಎರಡಾಗಿ ಒಡೆಯಿತು: ಪೆಟ್ಟು ತಾಳುವ ಒಳಗಣ ಅಡ್ಡತೊಲೆ ಮತ್ತು ಅಂದಕ್ಕಾಗಿ, ಗಾಳಿಯ ಹರಿವಿಗಾಗಿ ಇರುವ ಹೊರಗಣ ಹೊದಿಕೆ. ತೊಲೆಯೇ ಬಾಗಿದ್ದರೆ ಹೊದಿಕೆಯನ್ನು ತಿದ್ದುವುದು ವ್ಯರ್ಥ.

ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂಬದಿಯ ಹೊದಿಕೆಯು ಸೊಟ್ಟಗಾಗಲು ಡಿಕ್ಕಿಯೇ ಬೇಕಿಲ್ಲ. ಎಂಜಿನ್ ಹಿಂದಿರುವ ಮಾದರಿಗಳಲ್ಲಿ ಸೈಲೆನ್ಸರಿನ ಕಾವು ಹೊದಿಕೆಗೆ ತೀರ ಸಮೀಪದಲ್ಲಿರುತ್ತದೆ, ಅದಕ್ಕೆ ದೆಹಲಿಯ ಬೇಸಿಗೆಯ ಬಿಸಿಲೂ ಸೇರಿಕೊಳ್ಳುತ್ತದೆ. ದುರಸ್ತಿಗಾರ ಮೊದಲು ಹೊದಿಕೆಯನ್ನು ಬಿಚ್ಚಿ ಒಳಮೈಯ ಗುರುತನ್ನು ಓದಬೇಕು. ಅಲ್ಲಿ ಪಿಪಿ ಎಂಬ ಅಕ್ಷರಗಳಿದ್ದರೆ ಅದು ಪಾಲಿಪ್ರೊಪಿಲೀನ್, ಅಂದರೆ ಕಾಯಿಸಿದರೆ ಮೆತ್ತಗಾಗಿ ಆರಿದರೆ ಗಟ್ಟಿಯಾಗುವ ಪ್ಲಾಸ್ಟಿಕ್. ಬಿಸಿಗಾಳಿಯ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ಒಳಗಿನಿಂದ ಒತ್ತಿ ರೂಪ ಮರಳಿಸಿ, ಅದೇ ಭಂಗಿಯಲ್ಲಿ ಹಿಡಿದು ಒದ್ದೆ ಬಟ್ಟೆಯಿಂದ ಆರಿಸುವುದು ಕ್ರಮ. ಬಿರುಕಿದ್ದರೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬೆಸೆಯುತ್ತಾರೆ. ಪಾಲಿಪ್ರೊಪಿಲೀನಿಗೆ ಬಣ್ಣ ಸುಲಭವಾಗಿ ಅಂಟದ ಕಾರಣ ಮೊದಲು ವಿಶೇಷ ಪ್ರೈಮರ್ ಬಳಿಯಬೇಕು. ಫೈಬರ್‌ಗ್ಲಾಸ್ ಮಾತ್ರ ಕಾವಿಗೆ ಮಣಿಯದು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ತಯಾರಿಸಿದ ಸ್ಯಾನ್ ಸ್ಟಾರ್ಮ್‌ನಂಥ ಕಾರಿನ ಮೈಯನ್ನು ನಾರು ಮತ್ತು ರಾಳ ಹಚ್ಚಿಯೇ ಸರಿಪಡಿಸಬೇಕಾಗುತ್ತದೆ.

ಹೊಸ ಹೊದಿಕೆಯನ್ನೇ ಹಾಕುವುದು ದೊಡ್ಡ ಕಾರ್ಯಾಗಾರಗಳ ರೂಢಿಯಾದರೂ ಈ ಕಸುಬು ಅಳಿಯದಿರಲು ಮುಖ್ಯ ಕಾರಣ ಕುಶಲತೆಯ ಮೇಲಿನ ಗೌರವವಲ್ಲ, ಲೆಕ್ಕಾಚಾರ. ಸಾಮಾನ್ಯ ಸಮಗ್ರ ವಿಮೆಯು ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಕಳೆಯುತ್ತದೆ. ಅಪಘಾತವಿಲ್ಲದೆ ಕಾವಿನಿಂದ ಸೊಟ್ಟಗಾದ ಹೊದಿಕೆಗಾದರೋ ಸಾಮಾನ್ಯವಾಗಿ ಏನೂ ದೊರೆಯದೆ, ಪೂರ್ತಿ ವೆಚ್ಚ ಮಾಲೀಕನ ಮೇಲೆಯೇ ಬೀಳುತ್ತದೆ.