ಗುಬ್ಬಿ ಸರ್ಕೀಟಿನ ಪಾದ್ರಿ

ಕನ್ನಡಕ್ಕೆ ದುಡಿದ ಪಾಶ್ಚಾತ್ಯರೆಂದರೆ ನಮ್ಮ ನಾಲಗೆಗೆ ಮೊದಲು ಬರುವ ಹೆಸರು ಫರ್ಡಿನೆಂಡ್ ಕಿಟ್ಟೆಲ್ಲರದು. ಅದು ನ್ಯಾಯವಾದದ್ದೇ. 1894ರಲ್ಲಿ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ನೆರವಿಲ್ಲದೆ ಹಳಗನ್ನಡವನ್ನು ಓದಿದವರೂ ಓದಿಸಿದವರೂ ವಿರಳ. ಕಿಟ್ಟೆಲ್ಲರ ಹಿಂದೆ ಮೋಗ್ಲಿಂಗ್, ಫ್ಲೀಟ್, ರೈಸ್ ಮೊದಲಾದವರ ಹೆಸರುಗಳು ಬರುತ್ತವೆ. ಈ ಸಾಲಿನಲ್ಲಿ ನಾವು ಸಾಮಾನ್ಯವಾಗಿ ಸೇರಿಸದ ಹೆಸರೊಂದಿದೆ: ಥಾಮಸ್ ಹಾಡ್ಸನ್. ಆತ ದೊಡ್ಡ ನಿಘಂಟನ್ನು ರಚಿಸಲಿಲ್ಲ, ಶಾಸನಗಳನ್ನು ಓದಲಿಲ್ಲ, ಪ್ರಾಚೀನ ಕಾವ್ಯವನ್ನು ಸಂಪಾದಿಸಿ ಕೀರ್ತಿ ಪಡೆಯಲಿಲ್ಲ. ಆತ ಊರಿಂದೂರಿಗೆ ತಿರುಗಿದ ಒಬ್ಬ ಮೆಥೋಡಿಸ್ಟ್ ಪಾದ್ರಿ. ಆದರೂ ಕನ್ನಡದ ಅಧ್ಯಾಪಕನಾಗಿ ವೃತ್ತಿಯನ್ನು ಕಳೆದ ನನಗೆ ಆತನ ಬಗ್ಗೆ ನಾಲ್ಕು ಮಾತು ಹೇಳುವುದು ಋಣಸಂದಾಯವೆಂದೇ ತೋರುತ್ತದೆ.

ತುಮಕೂರು ಸೀಮೆಯ ಗುಬ್ಬಿಯಲ್ಲಿ ನೆಲೆಸಿದ್ದ ಪಾದ್ರಿಯ ವಿಷಯ ಕಲಬುರಗಿಯ ಕಡೆಯವರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಮೆಥೋಡಿಸ್ಟರು ನಮಗೂ ಅಪರಿಚಿತರಲ್ಲ. ಮುಂಬಯಿ-ಮದರಾಸು ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಕಲಬುರಗಿ ಆ ಮಾರ್ಗದ ಮೇಲಿನ ಊರಾಯಿತು. ಅದೇ ಸುಮಾರಿಗೆ ಭಾರತಕ್ಕೆ ಬಂದ ವಿಲಿಯಂ ಟೇಲರ್ ಎಂಬ ಅಮೆರಿಕದ ಸುವಾರ್ತಿಕರಿಂದ ಆರಂಭವಾದ ಸೇವೆ, ಶತಮಾನ ಮುಗಿಯುವ ಮೊದಲೇ ನಿಜಾಮರ ಆಡಳಿತದಲ್ಲಿದ್ದ ಈ ಕನ್ನಡ ನಾಡಿಗೂ ಹಬ್ಬಿತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರನ್ನು ಕೇಳದ ಹಿರಿಯರು ಈ ಭಾಗದಲ್ಲಿ ಕಡಮೆ. ಇದು ಅಮೆರಿಕದ ಶಾಖೆ. ಮೈಸೂರು ಸಂಸ್ಥಾನದಲ್ಲಿ ಇದಕ್ಕಿಂತ ಮುಂಚೆಯೇ ದುಡಿದದ್ದು ಇಂಗ್ಲೆಂಡಿನ ವೆಸ್ಲಿಯನ್ ಶಾಖೆ. ಮೂಲ ಒಂದೇ, ಕೊಂಬೆ ಎರಡು. ಇಂಗ್ಲಿಷ್ ಕೊಂಬೆ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಲೀನವಾಯಿತು; ನಮ್ಮ ಕಡೆಯದು ಹೊರಗುಳಿದು, 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯೆಂದು ಸ್ವಾಯತ್ತವಾಯಿತು. ಎರಡು ಕೊಂಬೆಗಳಿಗೂ ಸಮಾನವಾದದ್ದು ಒಂದು ಪದ್ಧತಿ. ಆ ಪದ್ಧತಿಯೇ ನನ್ನ ಮಾತಿನ ತಳಹದಿ.

ಇಂಗ್ಲೆಂಡಿನ ಜಾನ್ ವೆಸ್ಲಿ, 1703ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡವರು. ದೇವಾಲಯದ ವೇದಿಕೆ ತಮಗೆ ಮುಚ್ಚಿದಾಗ ಅವರು 1739ರಿಂದ ಬಯಲಿನಲ್ಲಿ ನಿಂತು ಗಣಿ ಕಾರ್ಮಿಕರಿಗೆ ಬೋಧಿಸತೊಡಗಿದರು. ಉಳಿದ ಆಯುಷ್ಯವನ್ನೆಲ್ಲ ಬಹುಮಟ್ಟಿಗೆ ಕುದುರೆಯ ಬೆನ್ನ ಮೇಲೆಯೇ ಕಳೆದರು. ಅನುಯಾಯಿಗಳು ಹೆಚ್ಚಿದಂತೆ ಹಲವು ಊರುಗಳನ್ನು ಕೂಡಿಸಿ ಒಂದೊಂದು ಸುತ್ತನ್ನು ಏರ್ಪಡಿಸಿ, ಆ ಸುತ್ತಿಗೆ ಬೋಧಕರನ್ನು ನೇಮಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ 'ಸರ್ಕಿಟ್' ಎಂದು ಹೆಸರು. ನಮ್ಮ ಹಿರಿಯರು ಅಮಲ್ದಾರರ ಪ್ರವಾಸವನ್ನು 'ಸರ್ಕೀಟು' ಎಂದು ಕರೆಯುತ್ತಿದ್ದುದು ಇದೇ ಶಬ್ದದ ತದ್ಭವ. ಈ ಸರ್ಕೀಟಿನ ಪಾದ್ರಿ ಒಂದೇ ಊರಿನಲ್ಲಿ ಬೇರುಬಿಡಬಾರದು. ತನ್ನ ಸುತ್ತಿನ ಊರುಗಳನ್ನು ಗೊತ್ತಾದ ದಿನಗಳಲ್ಲಿ ಮುಟ್ಟಬೇಕು. ಕೆಲವು ವರ್ಷಗಳಾದ ಮೇಲೆ ಬೇರೆ ಸುತ್ತಿಗೆ ಹೊರಡಬೇಕು. ಆತ ಇಲ್ಲದ ದಿನಗಳಲ್ಲಿ ಊರಿನ ಸಾಮಾನ್ಯ ಗೃಹಸ್ಥನೇ ಎದ್ದು ನಿಂತು ಬೋಧಿಸಬೇಕು.

ಕನ್ನಡಿಗನಿಗೆ ಇದನ್ನು ಕೇಳಿದೊಡನೆ ಜಂಗಮ ಶಬ್ದ ನೆನಪಾಗದಿರದು. ನಿಂತುದಕ್ಕಿಂತ ಚಲಿಸುವುದನ್ನು ಮೇಲೆಂದು ಬಗೆದ ಪರಂಪರೆ ನಮ್ಮದು. ತಂಬೂರಿ ಹಿಡಿದ ದಾಸರು, ಜೋಳಿಗೆಯ ಜಂಗಮರು, ಬಂದೇ ನವಾಜರ ದರ್ಗಾಕ್ಕೆ ನಡೆದು ಬರುವ ಫಕೀರರು, ಇವರೆಲ್ಲ ನಡೆದ ದಾರಿ ನಮ್ಮ ಕಮಲಾಪುರದ ಮೇಲೂ ಹಾದುಹೋಗುತ್ತದೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಜಂಗಮನ ಅನ್ನ ಊರವರ ಭಿಕ್ಷೆಯಿಂದ. ಅವನು ಯಾರಿಗೂ ವರದಿ ಒಪ್ಪಿಸಬೇಕಾಗಿರಲಿಲ್ಲ. ಸರ್ಕೀಟಿನ ಪಾದ್ರಿಯ ವೇತನ ಲಂಡನ್ನಿನ ಸಂಘದಿಂದ ಬರುತ್ತಿತ್ತು. ತಾನು ಮಾಡಿದ್ದಕ್ಕೆ, ಕಂಡದ್ದಕ್ಕೆ ಅವನು ಅಲ್ಲಿಗೆ ಬರೆದು ಲೆಕ್ಕ ಒಪ್ಪಿಸಬೇಕಿತ್ತು. ಈ ಅಧೀನತೆ ಅವನ ದೃಷ್ಟಿಯನ್ನು ಸಂಕುಚಿತಗೊಳಿಸಿತು. ಅದೇ ಅಧೀನತೆಯ ದೆಸೆಯಿಂದ ಹತ್ತೊಂಬತ್ತನೆಯ ಶತಮಾನದ ಕನ್ನಡ ಹಳ್ಳಿಗಳ ಬಗ್ಗೆ ಬರೆವಣಿಗೆಯೂ ಉಳಿಯಿತು.

ಹಾಡ್ಸನ್ನರು ಮೊದಲು ಕಲ್ಕತ್ತೆಯಲ್ಲಿದ್ದು, ಅಲ್ಲಿಯ ಸೇವೆ ನಿಂತ ಮೇಲೆ 1833ರಲ್ಲಿ ಬೆಂಗಳೂರಿಗೆ ಬಂದರು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ವೆಸ್ಲಿಯನ್ನರು ಬೆಂಗಳೂರಿಗೆ ಬಂದು ಆಗಲೇ ಹನ್ನೆರಡು ವರ್ಷಗಳಾಗಿದ್ದರೂ ಅವರ ಕೆಲಸವೆಲ್ಲ ದಂಡಿನ ಪ್ರದೇಶದಲ್ಲಿ, ಇಂಗ್ಲಿಷ್ ಮತ್ತು ತಮಿಳು ಭಾಷೆಗಳಲ್ಲಿ ನಡೆದಿತ್ತು. ಕನ್ನಡ ನಾಡಿನ ನಡುವೆ ಇದ್ದೂ ಕನ್ನಡ ಮಾತನಾಡದೆ ಇರುವುದು ಸಾಧ್ಯವಿತ್ತು; ಆ ಸಾಧ್ಯತೆ ಬೆಂಗಳೂರಿನಲ್ಲಿ ಇಂದಿಗೂ ಅಳಿದಿಲ್ಲ. ಹಾಡ್ಸನ್ನರು ದಂಡನ್ನು ಬಿಟ್ಟು 1837ರಲ್ಲಿ ಗುಬ್ಬಿಗೆ ಹೋದರು. ಇದೇ ಅವರ ಜೀವನದ ನಿರ್ಣಾಯಕ ಹೆಜ್ಜೆ.

ಗುಬ್ಬಿ ಎಂದರೆ ಸಾಹಿತ್ಯಪ್ರಿಯರಿಗೆ 'ಭಾವಚಿಂತಾರತ್ನ', 'ವೀರಶೈವಾಮೃತಪುರಾಣ'ಗಳ ಗುಬ್ಬಿಯ ಮಲ್ಲಣಾರ್ಯ ನೆನಪಾಗುತ್ತಾನೆ. ನಾಟಕಪ್ರಿಯರಿಗೆ ವೀರಣ್ಣನವರು ನೆನಪಾಗುತ್ತಾರೆ. ಅಡಿಕೆ, ತೆಂಗು, ಹತ್ತಿಗಳ ವ್ಯಾಪಾರದಿಂದಲೂ ಚನ್ನಬಸವೇಶ್ವರನ ಜಾತ್ರೆಯಿಂದಲೂ ಹೆಸರಾದ ಪೇಟೆ ಅದು. ಸಂತೆಯ ದಿನ ಹತ್ತಾರು ಹಳ್ಳಿಗಳ ಒಕ್ಕಲಿಗರು, ನೇಕಾರರು, ಬಣಜಿಗರು ಒಂದೆಡೆ ಸೇರುವ ಊರು ಸರ್ಕೀಟಿನ ಪಾದ್ರಿಗೆ ತಕ್ಕ ನೆಲೆ. ರೈಲು ಬರಲು ಇನ್ನೂ ನಾಲ್ಕು ದಶಕಗಳಿಗೂ ಮಿಕ್ಕಿ ಕಾಲವಿತ್ತು. ಕುದುರೆ, ಎತ್ತಿನ ಗಾಡಿ, ಗುಡಾರ, ಇವೇ ಸಾಧನಗಳು.

ಅಲ್ಲಿ ಅವರಿಗೆ ಜತೆಯಾದವರಲ್ಲಿ ಪ್ರಮುಖರು ವಿಲಿಯಂ ಆರ್ಥರ್. 1839ರಲ್ಲಿ ಬಂದಾಗ ಈ ಐರಿಷ್ ತರುಣನಿಗೆ ಇಪ್ಪತ್ತು ವರ್ಷ. ಕನ್ನಡವನ್ನು ಬಲುಬೇಗ ಕಲಿತರು. ಆದರೆ ಆರೋಗ್ಯ ಕೆಟ್ಟು 1841ರಲ್ಲೇ ತಿರುಗಿ ಹೋಗಬೇಕಾಯಿತು. ಗುಬ್ಬಿಯ ಅನುಭವವನ್ನು ಅವರು 1847ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಪ್ರಕಟಿಸಿದರು. ಮುಂದೆ ತಮ್ಮ ದೇಶದ ವೆಸ್ಲಿಯನ್ ಸಭೆಗೇ ಅಧ್ಯಕ್ಷರಾದ ಇವರು ಖ್ಯಾತಿವಂತರು. ಹಾಡ್ಸನ್ನರು ಉಳಿದವರು. ನಡುವೆ ಕೆಲವು ವರ್ಷ ಸ್ವದೇಶಕ್ಕೆ ಹೋಗಿದ್ದರೂ ಮತ್ತೆ ಬಂದು, ಮೈಸೂರು ಪ್ರಾಂತದ ಮಿಷನ್ನಿಗೆ ಅಧ್ಯಕ್ಷರಾಗಿ, ಬಾಳಿನ ಬಹುಭಾಗವನ್ನು ಈ ನೆಲದಲ್ಲೇ ಸವೆಸಿದರು.

ಅವರು ಬಂದ ಉದ್ದೇಶ ಮತಪ್ರಚಾರ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಹಳ್ಳಿಯವರ ದೇವರುಗಳನ್ನು ಅವರು ಗೌರವದಿಂದ ಕಂಡರೆಂದು ಹೇಳುವಂತಿಲ್ಲ. ಆ ಕಾಲದ ಪಾದ್ರಿಗಳ ಬರೆಹದ ಕಟುತ್ವ ಇಂದಿನ ಓದುಗನಿಗೆ ಚುಚ್ಚುತ್ತದೆ. ಮತ ಬಿಟ್ಟವನಿಗೆ ಬಂಧುಗಳ ಪಂಕ್ತಿ ತಪ್ಪುತ್ತಿತ್ತು. ಆ ಬೆಲೆಯನ್ನು ತೆತ್ತವನು ಹಳ್ಳಿಗನೇ ಹೊರತು ಪಾದ್ರಿಯಲ್ಲ. ಅಷ್ಟಾಗಿ, ದೀಕ್ಷೆ ಪಡೆದವರ ಸಂಖ್ಯೆಯಿಂದ ಅಳೆದರೆ ಗುಬ್ಬಿ ಸರ್ಕೀಟಿನದು ಅಲ್ಪ ಫಲ. ಹಾಗಾದರೆ ಆ ತಿರುಗಾಟದಿಂದ ಉಳಿದದ್ದೇನು?

ನನ್ನ ದೃಷ್ಟಿಯಲ್ಲಿ ಉಳಿದದ್ದು ಒಂದು ಚಿಕ್ಕ ಪುಸ್ತಕ. ಹಾಡ್ಸನ್ನರ ಪ್ರಾಥಮಿಕ ಕನ್ನಡ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. 1864ರಲ್ಲಿ ಮತ್ತೆ ಅಚ್ಚಾಯಿತು. ಉದಾಹರಣೆಗಳಲ್ಲೂ ಅಭ್ಯಾಸಗಳಲ್ಲೂ ಬರುವ ಪ್ರತಿಯೊಂದು ಶಬ್ದಕ್ಕೆ ಅರ್ಥವನ್ನೂ ಉಚ್ಚಾರವನ್ನೂ ಕೊಟ್ಟಿದೆ ಎಂಬುದನ್ನು ಪುಸ್ತಕದ ಹೆಸರಿನಲ್ಲಿಯೇ ಸೇರಿಸಿದ್ದಾರೆ. ನಾಳೆ ಬೆಳಗ್ಗೆ ಸಂತೆಗೆ ಹೋಗಿ ಜನರೊಡನೆ ಮಾತನಾಡಬೇಕಾದವನಿಗಾಗಿ ಬರೆದ ಪುಸ್ತಕ ಇದು. ಕೇಶಿರಾಜನ 'ಶಬ್ದಮಣಿದರ್ಪಣ'ದ ಗಾಂಭೀರ್ಯ ಇದಕ್ಕಿಲ್ಲ. ಕೇಶಿರಾಜ ಕವಿಗಳ ಪ್ರಯೋಗವನ್ನು ಪ್ರಮಾಣವೆಂದು ಹಿಡಿದರೆ, ಇಲ್ಲಿ ಕಲಿಯುವವನ ಅಗತ್ಯ ಮುಂದೆ ಬರುತ್ತದೆ.

ಆದರೆ ಈ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮುಖಪುಟ. ನಮ್ಮ ಭಾಷೆಗೆ ಇಂಗ್ಲಿಷಿನಲ್ಲಿ ವ್ಯಾಕರಣ, ನಿಘಂಟು ರಚಿಸಿದವರು ಅದನ್ನು ಏನೆಂದು ಕರೆದರು ನೋಡಿ. 1817ರಲ್ಲಿ ಶ್ರೀರಾಂಪುರದ ವಿಲಿಯಂ ಕೇರಿ ತನ್ನ ವ್ಯಾಕರಣವನ್ನು 'ಕುರ್ಣಾಟ' ಭಾಷೆಯದೆಂದು ಕರೆದ. 1820ರಲ್ಲಿ ಮದರಾಸಿನ ಮೆಕೆರೆಲ್ ತನ್ನದನ್ನು 'ಕಾರ್ನಾಟಕ' ಭಾಷೆಯದೆಂದ. ವಿಲಿಯಂ ರೀವ್ ರಚಿಸಿದ ನಿಘಂಟನ್ನು ಹಾಡ್ಸನ್ನರ ಸಹೋದ್ಯೋಗಿ ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ಪರಿಷ್ಕರಿಸಿ ಹೊರತಂದಾಗ ಅದರ ಮೇಲೆ 'ಕೆನರೀಸ್' ಎಂದಿತ್ತು. ಒಂದು ಪಂಡಿತರ ಸಂಸ್ಕೃತದಿಂದ ಬಂದ ಹೆಸರು; ಇನ್ನೊಂದು ಕಡಲಿನಾಚೆಯವರ ನಾಲಗೆಯಲ್ಲಿ ರೂಪಗೆಟ್ಟ ಹೆಸರು. ಮರುವರ್ಷ ಹಾಡ್ಸನ್ನರ ವ್ಯಾಕರಣದಲ್ಲಿ 'ಕನ್ನಡ' ಎಂಬುದು ಮೊದಲು ಬಂತು. 'ಅಥವಾ ಕೆನರೀಸ್' ಎಂಬುದು ಅದರ ಹಿಂದೆ ನಿಂತಿತು. ಕಿಟ್ಟೆಲ್ಲರ ನಿಘಂಟು 'ಕನ್ನಡ' ಎಂಬ ಹೆಸರನ್ನು ಹೊತ್ತು ಬರಲು ಇನ್ನೂ ಮೂವತ್ತೈದು ವರ್ಷಗಳಿದ್ದವು.

ಇದು ಸಣ್ಣ ಸಂಗತಿಯೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಕಲಬುರಗಿಯ ಶಾಲೆಯ ಭಾಷೆ, ಕಚೇರಿಯ ಭಾಷೆ ಉರ್ದು. ಉರ್ದು ಸೊಗಸಾದ ಭಾಷೆ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಮನೆಯಲ್ಲಿ 'ಬರಲತ್ತಾನ', 'ಹೊಂಟಾನ' ಎಂದು ಆಡುವ ಮಗುವಿಗೆ ತನ್ನ ಮಾತೂ ಪುಸ್ತಕಕ್ಕೆ ಯೋಗ್ಯವಾದ ಮಾತು ಎಂದು ಹೇಳುವವರಿರಲಿಲ್ಲ. ಮುಂದೆ 1948 ಬಂತು, 1956 ಬಂತು, ಶಾಲೆಗೆ ಕನ್ನಡ ಬಂತು. 'ಕವಿರಾಜಮಾರ್ಗ' ಹುಟ್ಟಿದ ಮಳಖೇಡದ ಸೀಮೆಯಲ್ಲೇ ಹೀಗಿತ್ತು ಎಂಬುದನ್ನು ನೆನೆದಾಗ, ಜನ ಆಡುವ ಹೆಸರಿನಿಂದಲೇ ಅವರ ಭಾಷೆಯನ್ನು ಮುಖಪುಟದಲ್ಲಿ ಕರೆಯುವುದರ ಬೆಲೆ ತಿಳಿಯುತ್ತದೆ. ಗ್ರಂಥಾಲಯದಲ್ಲಿ ಕುಳಿತವನಿಗೆ 'ಕರ್ಣಾಟಕ ಭಾಷೆ' ಎಂದರೆ ಸಾಕು. ಸಂತೆಯಲ್ಲಿ ನಿಂತು 'ಇದು ಯಾವ ಮಾತು?' ಎಂದು ಕೇಳುವವನಿಗೆ ಒಕ್ಕಲಿಗನ ಬಾಯಿಂದ ಬರುವ ಉತ್ತರ 'ಕನ್ನಡ'. ಇಪ್ಪತ್ತು ವರ್ಷಗಳ ಹಳ್ಳಿಯ ಒಡನಾಟ ಆ ಮುಖಪುಟದ ಹಿಂದಿದೆಯೆಂದು ನಾನು ನಂಬಿದ್ದೇನೆ.

ಆ ಬಳಗದ ಉಳಿದ ಕೆಲಸವೂ ಗಮನಾರ್ಹ. ಜಾನ್ ಗ್ಯಾರೆಟ್ ನಡೆಸುತ್ತಿದ್ದ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ 1849ರಲ್ಲಿ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲಿ ಹೊರಬಂತು. ಹಳ್ಳಿಹಳ್ಳಿಯ ಜಗಲಿಗಳಲ್ಲಿ ವಾಚನವಾಗುತ್ತಿದ್ದ ಲಕ್ಷ್ಮೀಶನ 'ಜೈಮಿನಿ ಭಾರತ'ದ ಕೆಲವು ಸಂಧಿಗಳನ್ನು ಸ್ಯಾಂಡರ್ಸನ್ 1852ರಲ್ಲಿ ಅನುವಾದ, ಟಿಪ್ಪಣಿಗಳೊಡನೆ ಅಚ್ಚುಹಾಕಿಸಿದರು. ಕೃಷ್ಣನ ಕಥೆಯನ್ನು ಬಿಡಿಸಬೇಕೆಂದು ಬಂದವರ ಯಂತ್ರದಲ್ಲೇ ಕೃಷ್ಣನ ಮಾತು ಅಚ್ಚಾಯಿತು. ಎದುರಾಳಿಯ ಮತವನ್ನು ಅರಿಯಬೇಕೆಂಬ ಹಂಚಿಕೆ ಇದ್ದಿರಬಹುದು. ಆದರೆ ಕೇವಲ ಹಂಚಿಕೆಯಿಂದ ಯಾರೂ ಲಕ್ಷ್ಮೀಶನ ವಾರ್ಧಕ ಷಟ್ಪದಿಯನ್ನು ಅಷ್ಟು ತಾಳ್ಮೆಯಿಂದ ಓದುವುದಿಲ್ಲ.

ಹಾಡ್ಸನ್ನರ ಇನ್ನೊಂದು ಪುಸ್ತಕ 1877ರಲ್ಲಿ ಲಂಡನ್ನಿನಲ್ಲಿ ಹೊರಬಂದ 'ಓಲ್ಡ್ ಡೇನಿಯಲ್'. ದೀಕ್ಷೆಯಲ್ಲಿ ಡೇನಿಯಲ್ ಎಂಬ ಹೆಸರು ಪಡೆದ ಗುಬ್ಬಿ ಸರ್ಕೀಟಿನ ಹಳ್ಳಿಗನೊಬ್ಬನ ಜೀವನಚರಿತ್ರೆ ಅದು. ಹಳ್ಳಿಯ ಬಾಳಿನ ವರ್ಣನೆಯೂ ಅದರಲ್ಲಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರದು. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲು, ರಾಜನಲ್ಲದ, ಗುರುವಲ್ಲದ, ಕವಿಯಲ್ಲದ ಒಬ್ಬ ಸಾಮಾನ್ಯ ಕನ್ನಡಿಗನ ಬಾಳು ಒಂದು ಪುಸ್ತಕಕ್ಕೆ ವಸ್ತುವಾಯಿತು. ಸಾಮಾನ್ಯನಿಗೆ ಸಂದ ಈ ಮನ್ನಣೆ ದೊಡ್ಡದು. ಆದರೆ ಆ ಪುಸ್ತಕ ಇಂಗ್ಲಿಷಿನಲ್ಲಿ, ಇಂಗ್ಲೆಂಡಿನ ಓದುಗರಿಗಾಗಿ ಹುಟ್ಟಿತು. ಯಾರ ಕಥೆಯೋ ಅವರ ಊರಿನವರು ಅದನ್ನು ಓದುವಂತಿರಲಿಲ್ಲ. ಹಾಡ್ಸನ್ನರ ಶಕ್ತಿಯೂ ಮಿತಿಯೂ ಇಲ್ಲಿ ಒಟ್ಟಿಗೇ ಕಾಣುತ್ತವೆ: ಹಳ್ಳಿಗನ ಮಾತಿಗೆ ಕಿವಿಗೊಟ್ಟರು, ಕೇಳಿದ್ದನ್ನು ಬೇರೆಯವರಿಗೆ ಹೇಳಿದರು.

ಇಂಥವರನ್ನು ತೂಗುವುದು ಹೇಗೆ? ಹೊರಗಿನವರೆಂದು ತಳ್ಳಿಬಿಡುವುದು ಸುಲಭ. ಕನ್ನಡದ ಉದ್ಧಾರಕರೆಂದು ಹಾರ ಹಾಕುವುದೂ ಸುಲಭ. ಹಾಡ್ಸನ್ನರು ಕನ್ನಡವನ್ನು ಉದ್ಧರಿಸಲು ಬಂದವರಲ್ಲ. ಅವರಿಗೆ ಅದು ದಾರಿ, ಗುರಿಯಾಗಿರಲಿಲ್ಲ. ಆದರೆ ದಾರಿಯಲ್ಲಿ ಅಷ್ಟು ವರ್ಷ ಪ್ರಾಮಾಣಿಕವಾಗಿ ನಡೆದವನು ದಾರಿಗೂ ಏನನ್ನೋ ಸಲ್ಲಿಸಿಯೇ ಹೋಗುತ್ತಾನೆ. ಜನರಿಗೆ ಏನನ್ನಾದರೂ ಹೇಳಬೇಕಾದರೆ ಮೊದಲು ಅವರ ಮಾತನ್ನು ಅವರಿಂದಲೇ ಕಲಿಯಬೇಕೆಂಬ ಶಿಸ್ತು ಸರ್ಕೀಟಿನ ಪದ್ಧತಿಯಲ್ಲಿಯೇ ಅಡಗಿತ್ತು. ಅದನ್ನು ಅಧ್ಯಾಪಕರಾದ ನಾವೂ ಅಧಿಕಾರಿಗಳಾದವರೂ ಕಲಿಯುವುದು ಇನ್ನೂ ಬಾಕಿಯಿದೆ.

ಕೊನೆಗೊಂದು ಮಾತು. ಆ ವ್ಯಾಕರಣದ ಕರ್ತೃವಾಗಿ ಇರುವುದು ಹಾಡ್ಸನ್ನರ ಹೆಸರೊಂದೇ. ಅವರ ಕೈಹಿಡಿದು ಅಕ್ಷರ ತಿದ್ದಿಸಿದ ಮುನ್ಷಿ, ತಪ್ಪು ಉಚ್ಚಾರಕ್ಕೆ ನಕ್ಕ ಸಂತೆಯ ಹೆಂಗಸು, ಪಾದ್ರಿಯ ಬೋಧನೆಯನ್ನು ಒಪ್ಪದಿದ್ದರೂ ಕುಡಿಯಲು ನೀರು ಕೊಟ್ಟು ಮಾತಿಗೆ ಮಾತು ಕೊಟ್ಟ ರೈತ, ಇವರೂ ಆ ಪುಸ್ತಕವನ್ನು ಬರೆದವರೇ. ಹಾಡ್ಸನ್ನರನ್ನು ನೆನೆಯುವಾಗ ಅವರ ಈ ಗುರುಗಳನ್ನೂ ನೆನೆಯಬೇಕು. ಕನ್ನಡ ಎಂಬ ಹೆಸರನ್ನು ಅವರಿಗೆ ಕೊಟ್ಟವರು ಇವರೇ.